ಫೋನಿಗೆ ‘ತ್ಯು’ ಅನ್ನಬೇಕಾ, ‘ವು’ ಅನ್ನಬೇಕಾ?

ಹಾಡು ಆಗಷ್ಟೇ ಪಲ್ಲವಿಗೆ ಬಂದಿತ್ತು. 14 ಜನ ಪೆನ್ಸಿಲ್ ಹಿಡಿದು, ಹಾಳೆಯ ಮೇಲೆ ಕಣ್ಣಿಟ್ಟು, ಉಸಿರು ಬಿಗಿ ಹಿಡಿದು ಕೇಳುತ್ತಿದ್ದರು. ನಮ್ಮ ಫ್ರೆಂಚ್ ಕ್ಲಾಸಿನಲ್ಲಿ ಇಂಥ ಮೌನ ಅಪರೂಪ. ಇದ್ದಕ್ಕಿದ್ದಂತೆ ಹಾಡು ನಿಂತುಹೋಯಿತು. ಸ್ಪೀಕರ್ ತುಂಬ ರಿಂಗ್‌ಟೋನ್. ಹಾಡು ಬರುತ್ತಿದ್ದದ್ದು ನನ್ನ ಫೋನಿನಿಂದಲೇ. ಅದು ಪ್ರೊಜೆಕ್ಟರ್‌ಗೂ ಸೇರಿಕೊಂಡಿತ್ತು, ಹಾಗಾಗಿ ಗೋಡೆ ತುಂಬ ‘ಅಮ್ಮ’ ಅಂತ ಹೆಸರು, ಅದರ ಮೇಲೆ ಕಳೆದ ಯುಗಾದಿಗೆ ತೆಗೆದ ಅಮ್ಮನ ಫೋಟೋ.

ಆವತ್ತು ನಡೆಯುತ್ತಿದ್ದ ಪಾಠ ಯಾವುದು ಗೊತ್ತಾ? ಫೋನಿನ ಚಟ.

ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ‘ಮದಾಮ್, ವೋತ್ರ್ ಪ್ರೆಸ್ಯೋ ಸೊನ್’ ಅಂದಳು. ಮೇಡಂ, ನಿಮ್ಮ ಬಂಗಾರ ಕೂಗ್ತಿದೆ. ಇಡೀ ರೂಮು ಬಿದ್ದು ಬಿದ್ದು ನಕ್ಕಿತು. ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಆ ಹುಡುಗಿ ಎರಡು ತಿಂಗಳಲ್ಲಿ ತಾನಾಗಿ ಒಂದು ಮಾತು ಆಡಿದವಳಲ್ಲ. ಈಗ ಆಡಿದ ಮೊದಲ ವಾಕ್ಯದಲ್ಲೇ ಕ್ರಿಯಾಪದ ಸರಿ, ಟೀಚರ್‌ಗೆ ಕೊಡಬೇಕಾದ ಮರ್ಯಾದೆ ಸರಿ, ತಮಾಷೆಯೂ ಸರಿ. (ಅಮ್ಮ ಫೋನ್ ಮಾಡಿದ್ದು ಯಾಕೆ ಅಂದರೆ, ವಾಟ್ಸಾಪ್‌ನಲ್ಲಿ ಕಳಿಸಿದ ಮೆಂತ್ಯದ ನೀರಿನ ವಿಡಿಯೋ ನೋಡಿದೆಯಾ ಅಂತ ಕೇಳೋದಕ್ಕೆ.)

ನಾನು ಫ್ರೆಂಚ್ ಕಲಿಸಲು ಶುರು ಮಾಡಿ 11 ವರ್ಷ ಆಯಿತು. ಬಸವನಗುಡಿಯಲ್ಲಿ ಮಹಡಿ ಮೇಲಿನ ಒಂದು ರೂಮು, ಶನಿವಾರ ಭಾನುವಾರದ ಬ್ಯಾಚು. ಬರುವವರು ತರಹೇವಾರಿ. ಪಿಯುಸಿಯಲ್ಲಿ ಫ್ರೆಂಚ್ ಸ್ಕೋರಿಂಗ್ ಸಬ್ಜೆಕ್ಟ್ ಅಂತ ತೆಗೆದುಕೊಂಡು ಆಮೇಲೆ ಒದ್ದಾಡುವ ಮಕ್ಕಳು. ಕೆನಡಾಕ್ಕೆ ಹೋಗುವ ಆಸೆಯಲ್ಲಿ, ಪಿಆರ್ (ಅಲ್ಲೇ ಕಾಯಂ ನೆಲೆಸುವ ಅನುಮತಿ) ಅರ್ಜಿಗೆ ಪಾಯಿಂಟ್ಸ್ ಸಿಗಲಿ ಅಂತ ಟಿಇಎಫ್ ಅನ್ನುವ ಫ್ರೆಂಚ್ ಪರೀಕ್ಷೆಗೆ ಓದುವ ಐಟಿಯವರು. ಮಗಳು ಫ್ರಾನ್ಸಿನ ಲಿಯೋಂ ಊರಿನಲ್ಲಿರುವ ಒಬ್ಬ ಅಜ್ಜಿ. ‘ಮೊಮ್ಮಗಳು ಫ್ರೆಂಚಲ್ಲಿ ಬೈದರೆ ನನಗೆ ಅರ್ಥ ಆಗ್ಬೇಕಲ್ಲಮ್ಮ’ ಅನ್ನುವುದು ಅವರ ಗುರಿ. ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟವಾದ ಗುರಿ ಅದೇ.

ಕಲಿಕೆಯ ಎ2 ಹಂತ ಮುಗಿಸಿ ಅದರ ಮೇಲಿನ ಬಿ1 ಹತ್ತುವ ಹೊತ್ತಿಗೆ ಯಾವ ಪುಸ್ತಕ ತೆಗೆದರೂ ಒಂದು ಪಾಠ ಗ್ಯಾರಂಟಿ: ಮೊಬೈಲ್, ಇಂಟರ್ನೆಟ್, ಸೋಷಿಯಲ್ ಮೀಡಿಯಾ. ಪಾಠದ ಕೊನೆಗೆ ‘ನಿಮ್ಮ ಅಭಿಪ್ರಾಯ ಬರೆಯಿರಿ’. ಎಷ್ಟೋ ವರ್ಷ ಬರೆಸಿದೆ. ಬರುತ್ತಿದ್ದದ್ದು ಏನು? ನಾವೆಲ್ಲ ಹೈಸ್ಕೂಲಿನಲ್ಲಿ ಬರೆದಿದ್ದ ‘ವಿಜ್ಞಾನ ವರವೋ ಶಾಪವೋ’ ಪ್ರಬಂಧ, ಫ್ರೆಂಚ್ ಅಂಗಿ ಹಾಕಿಕೊಂಡು. ಪೀಠಿಕೆ, ಅನುಕೂಲ, ಅನಾನುಕೂಲ, ಉಪಸಂಹಾರ. ಕೊನೆಗೆ ಅತಿಯಾದರೆ ಅಮೃತವೂ ವಿಷ. ಬರೆದವರು 14 ಜನ, ಪ್ರಬಂಧ ಒಂದೇ. ತಿದ್ದಲು ಕೂತರೆ ನಿದ್ದೆ ಬರುತ್ತಿತ್ತು, ನಿದ್ದೆ ತಡೆಯಲು ನಾನು ಫೋನ್ ತೆಗೆಯುತ್ತಿದ್ದೆ, ಸುಳ್ಳು ಹೇಳಲ್ಲ.

ಆ ಬೇಜಾರಿನಲ್ಲೇ ಹಾಡಿನ ಕಡೆ ಹೋದದ್ದು. ಸೊಪ್ರಾನೊ ಅಂತ ಒಬ್ಬ ರ‍್ಯಾಪರ್ ಇದ್ದಾನೆ. ಫ್ರಾನ್ಸಿನ ಮಾರ್ಸೇಯ್ ಊರಿನವನು, ಮನೆಯವರ ಮೂಲ ಕೊಮೊರೊ ದ್ವೀಪಗಳು. 2016ರಲ್ಲಿ ಬಂದ ಅವನ ಆಲ್ಬಮ್ಮಿನಲ್ಲಿ ‘ಮೋಂ ಪ್ರೆಸ್ಯೋ’ ಅಂತ ಒಂದು ಹಾಡಿದೆ. ಪದಕ್ಕೆ ಪದ ಹೇಳಿದರೆ ‘ನನ್ನ ಅಮೂಲ್ಯವೇ’. ಆದರೆ ಯಾವ ಕನ್ನಡಿಗ ಹಾಗೆ ಮುದ್ದು ಮಾಡುತ್ತಾನೆ? ನಾವು ‘ನನ್ನ ಬಂಗಾರ’ ಅನ್ನುತ್ತೇವೆ. ಇದು ‘ಲಾರ್ಡ್ ಆಫ್ ದ ರಿಂಗ್ಸ್’ ಸಿನಿಮಾದಲ್ಲಿ ಉಂಗುರದ ಹುಚ್ಚು ಹಿಡಿದ ಆ ಗೊಲ್ಲಮ್ ಅನ್ನುವ ಪ್ರಾಣಿಯ ಮಾತೂ ಹೌದು, ಹುಡುಗರು ತಕ್ಷಣ ಹಿಡಿದುಬಿಟ್ಟರು. ಹಾಡಿನಲ್ಲಿ ಒಬ್ಬ ಗಂಡಸು ತನ್ನ ಫೋನಿಗೆ ಪ್ರೇಮಗೀತೆ ಹಾಡುತ್ತಾನೆ. ಬೆಳಗ್ಗೆ ಹೆಂಡತಿಗೆ ಮುತ್ತು ಕೊಡುವ ಮುಂಚೆ ಅದರ ಮುಖ ಸವರುತ್ತಾನೆ. ಬಚ್ಚಲಿಗೂ ಜೊತೆಯಲ್ಲೇ ಕರೆದುಕೊಂಡು ಹೋಗುತ್ತಾನೆ. ಇದರಲ್ಲಿ ಉಪದೇಶ ಇಲ್ಲ. ಪ್ರೀತಿಸುವವನ ಬಾಯಲ್ಲೇ ಎಲ್ಲವನ್ನೂ ಹೇಳಿಸಿರುವುದರಿಂದ ಬಯ್ಯುವ ಕೆಲಸ ಯಾರಿಗೂ ಬರುವುದಿಲ್ಲ. ನನಗೆ ಈ ಹಾಡು ಹಿಡಿಸಿದ್ದೇ ಅದಕ್ಕೆ.

ಮೊದಲ ಸಲ ಹೆಸರು ಹೇಳದೆ, ಬರಿಯ ಆರಂಭವನ್ನಷ್ಟೇ ಕೇಳಿಸಿದೆ. ಹಾಳೆ ಇಲ್ಲ, ಪೆನ್ಸಿಲ್ ಇಲ್ಲ. ಒಂದೇ ಪ್ರಶ್ನೆ: ಇವನು ಯಾರಿಗೆ ಹಾಡ್ತಿದ್ದಾನೆ? ಗರ್ಲ್‌ಫ್ರೆಂಡಿಗೆ ಅಂದರು ಹುಡುಗರು. ಹೆಂಡತಿ ಇದ್ದಾಳಲ್ಲ, ಹಾಗಾದರೆ ಬೇರೆ ಯಾರೋ, ಛೀ ಅಂದಳು ಒಬ್ಬಳು. ಲಿಯೋಂ ಅಜ್ಜಿ ‘ಮಗೂಗೆ ಇರ್ಬೇಕು’ ಅಂದರು. ಮುಂದಕ್ಕೆ ಕೇಳಿಸಿದೆ. ‘ಸೊನ್’ ಬಂತು, ‘ವಿಬ್ರೇ’ ಬಂತು. ಕೂಗುವುದು, ಅದುರುವುದು. ‘ವೈಬ್ರೇಟ್!’ ಅಂತ ಒಬ್ಬ ಕಿರುಚಿದ. ಎಲ್ಲರೂ ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಲೂ ಮುಟ್ಟಿ ನೋಡಿಕೊಂಡರು.

ಎರಡನೇ ಸಲ ಕೇಳಿಸಿದಾಗ ಪ್ರಾಸದ ಪದಗಳನ್ನು ಮಾತ್ರ ಹಿಡಿಯಲು ಹೇಳಿದೆ. ಪ್ರಾಸ ಹಿಡಿಯುವುದು ಕನ್ನಡದವರಿಗೆ ಸುಲಭ, ನಮಗೆ ಆದಿಪ್ರಾಸ ಅಂತ್ಯಪ್ರಾಸ ಎರಡೂ ಅಭ್ಯಾಸ. ಮೂರನೇ ಸಲ ಸಾಲುಗಳನ್ನು ಕತ್ತರಿಸಿದ ಪಟ್ಟಿಗಳನ್ನು ಕೊಟ್ಟು ಕ್ರಮವಾಗಿ ಜೋಡಿಸಿ ಅಂದೆ. ನಾಲ್ಕನೇ ಸಲ ಹಾಡಬೇಕು. ಬಿಟ್ಟ ಸ್ಥಳ ತುಂಬಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಹಾಡಿನ ನಡುನಡುವೆ ಗೆರೆ ಎಳೆದು ಕೊಟ್ಟರೆ ಮಕ್ಕಳು ಹಾಡನ್ನು ಕೇಳುವುದಿಲ್ಲ, ಗೆರೆಗೆ ಕಾಯುತ್ತಾರೆ, ಬಸ್ ಸ್ಟಾಪಿನಲ್ಲಿ ತಮ್ಮ ನಂಬರಿಗೆ ಕಾದಂತೆ.

ಹಾಡು ಎಲ್ಲ ಕಲಿಸುತ್ತದೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಫ್ರೆಂಚಿನಲ್ಲಿ ಮಾತಾಡುವಾಗ ಪದದ ಕೊನೆಯ ‘e’ ಅಕ್ಷರ ನುಂಗಿಹೋಗುತ್ತದೆ. ಹಾಡುವಾಗ ಅದೇ ಅಕ್ಷರಕ್ಕೆ ಎಷ್ಟೋ ಸಲ ಜೀವ ಬರುತ್ತದೆ, ರಾಗಕ್ಕೆ ಒಂದು ಮಾತ್ರೆ ಬೇಕಲ್ಲ. ಮಾತಿನಲ್ಲಿ ‘ಸೊನ್’, ಹಾಡಿನಲ್ಲಿ ‘ಸೊನ್ನ’ ಆದೀತು. ನಮಗೆ ಮೊದಲೇ ಪದದ ಕೊನೆಗೆ ಸ್ವರ ಅಂಟಿಸುವ ಚಟ. ಬಸ್ಸು, ಕಾರು, ಫೋನು. ಹಾಡು ಕೇಳಿ ಕಲಿತವರು ಅಂಗಡಿಗೆ ಹೋಗಿಯೂ ಹಾಡಿದ ಹಾಗೇ ಮಾತಾಡಿದರೆ ಪ್ಯಾರಿಸಿನವರು ನಕ್ಕಾರು. ರ‍್ಯಾಪ್ ಆದರೆ ಇದಕ್ಕೆ ಉಲ್ಟಾ, ಅರ್ಧ ಪದಗಳನ್ನೇ ತಿಂದುಹಾಕುತ್ತಾರೆ. ಅದಕ್ಕೇ ನಾನು ಹಾಡಿನ ನಾಲ್ಕು ಸಾಲುಗಳನ್ನು ಮಾಮೂಲಿ ಮಾತಿನಂತೆ ಓದಿಸುತ್ತೇನೆ, ಆಮೇಲೆ ಹಾಡಿಸುತ್ತೇನೆ. ವ್ಯತ್ಯಾಸ ಕಿವಿಗೆ ಬೀಳಬೇಕು.

ಉಚ್ಚಾರಣೆಯಲ್ಲಿ ನಮಗೆ ಲಾಭವೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಫ್ರೆಂಚಿನ ‘ತ’ ಮತ್ತು ‘ದ’ ಹಲ್ಲಿಗೆ ತಾಗುತ್ತವೆ, ನಮ್ಮ ತ-ದಗಳ ಹಾಗೆಯೇ. ಇಂಗ್ಲಿಷ್ ಮೀಡಿಯಂ ಮಕ್ಕಳು ‘ಟು’ ಅಂತಾರೆ, ಕನ್ನಡ ಮೀಡಿಯಂನಿಂದ ಬಂದವರು ಒಂದೇ ಏಟಿಗೆ ‘ತ್ಯು’ (ನೀನು) ಅಂದುಬಿಡುತ್ತಾರೆ. ಇಂಗ್ಲಿಷ್ ಬರಲ್ಲ ಅಂತ ಸಂಕೋಚದಲ್ಲಿ ಕುಗ್ಗಿ ಕೂತಿದ್ದವರ ಮುಖ ಆಗ ನೋಡಬೇಕು. ಮೂಗಿನ ಸ್ವರಗಳು ಮಾತ್ರ ಕಷ್ಟ. ನಮ್ಮ ಸೊನ್ನೆ ಕೊನೆಗೆ ಮ್ ಆಗಿಯೋ ನ್ ಆಗಿಯೋ ಬಾಯಿ ಮುಚ್ಚಿಬಿಡುತ್ತದೆ, ಅವರದ್ದು ಮುಚ್ಚುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಅದು ಸಲೀಸಾಗಿ ಬಂದದ್ದು ಮಂಗಳೂರಿನ ಕೊಂಕಣಿ ಮಾತಾಡುವ ಹುಡುಗನಿಗೆ.

ಸಂಧಿ ಪಾಠವಂತೂ ನನಗೆ ಹಬ್ಬ. ‘ಲೇ’ ಮುಂದೆ ‘ಅಮಿ’ ಬಂದರೆ ‘ಲೇಝಾಮಿ’, ಅಂದರೆ ಗೆಳೆಯರು. ಎಲ್ಲಿಂದ ಬಂತು ಈ ಝ? ಬರೆಯುವಾಗ ಸುಮ್ನೆ ಕೂತಿದ್ದ ಅಕ್ಷರ ಸ್ವರ ಕಂಡ ಕೂಡಲೇ ಎದ್ದು ಬಂತು. ‘ಅವನ ಹತ್ತಿರ ಇದೆಯೇ’ ಅಂತ ಕೇಳುವಾಗ ‘ಆ’ ಮತ್ತು ‘ಇಲ್’ ನಡುವೆ ಸುಮ್ನೆ ಒಂದು ‘ತ’ ತಂದು ‘ಆತಿಲ್’ ಮಾಡುತ್ತಾರೆ. ಮನೆ ಅಲ್ಲಿ ಅನ್ನುವುದನ್ನು ನಾವು ಮನೆಯಲ್ಲಿ ಅನ್ನುತ್ತೇವಲ್ಲ, ಅದೇ ಆಗಮ ಸಂಧಿ. ‘ಲ’ ಮತ್ತು ‘ಅಮಿ’ ಸೇರಿ ‘ಲಾಮಿ’ ಆಗುವುದು ಲೋಪ ಸಂಧಿ. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ವ್ಯಾಕರಣ ಪುಸ್ತಕ ಎಸೆದವರೆಲ್ಲ ಇಲ್ಲಿ ಬಂದು ‘ಅಯ್ಯೋ ಇದಾ’ ಅನ್ನುತ್ತಾರೆ.

ಇನ್ನೂ ಒಂದು. ಫೋನಿನ ಚಟದ ಬಗ್ಗೆ ಮಾತಾಡಬೇಕಾದರೆ ‘ಎಷ್ಟು ದಿನದಿಂದ’ ಅನ್ನುವುದು ಬೇಕೇ ಬೇಕು. ಫ್ರೆಂಚಿನಲ್ಲಿ ‘ದಪ್ವಿ’ ಅನ್ನುವ ಪದ ಹಾಕಿ ವರ್ತಮಾನ ಕಾಲದಲ್ಲೇ ಹೇಳುತ್ತಾರೆ. ನಮ್ಮ ‘ಆರು ವರ್ಷದಿಂದ ಇದ್ದೀನಿ’ ಇದ್ದ ಹಾಗೆ. ಇಂಗ್ಲಿಷ್ ದಾರಿಯಲ್ಲಿ ಹೋದವರು ಅಲ್ಲಿನ ಹ್ಯಾವ್ ಬೀನ್ ಎಲ್ಲ ಎಳೆದು ತಂದು ಕಾಲು ಮುರಿದುಕೊಳ್ಳುತ್ತಾರೆ. ‘ಸ ಮ ಪ್ಲೇ’ ಅಂದರೆ ನನಗೆ ಹಿಡಿಸುತ್ತೆ, ‘ಮ’ ಅಂದರೆ ಇಲ್ಲಿ ‘ನನಗೆ’, ಹಿಡಿಸುವುದು ಅದು, ನಾನಲ್ಲ. ‘ತ್ಯು ಮ ಮಾಂಕ್’ ಅಂದರೆ ನನಗೆ ನೀನು ಇಲ್ಲದ ಕೊರತೆ. ಕನ್ನಡದಲ್ಲಿ ಯೋಚಿಸಿ ಅಂತ ನಾನು ಬೋರ್ಡಿನ ಮೂಲೆಯಲ್ಲಿ ಬರೆದೇ ಬಿಟ್ಟಿದ್ದೇನೆ. ಫ್ರೆಂಚ್ ಕ್ಲಾಸಿನಲ್ಲಿ ಫ್ರೆಂಚ್ ಮಾತ್ರ ಆಡಬೇಕು ಅನ್ನುವ ಟೀಚರುಗಳು ನೋಡಿದರೆ ನನ್ನನ್ನು ಬಯ್ಯಬಹುದು. ಬಯ್ಯಲಿ.

ತ್ಯು ಮತ್ತು ವು ಬಗ್ಗೆ ಐದು ನಿಮಿಷ ಸಾಕಾಯಿತು. ನೀನು, ನೀವು. ಗೆಳೆಯರಿಗೆ, ಮನೆಯವರಿಗೆ, ಮಕ್ಕಳಿಗೆ ತ್ಯು. ಪರಿಚಯ ಇಲ್ಲದವರಿಗೆ, ದೊಡ್ಡವರಿಗೆ ವು. ಹಾಡಿನವನು ಫೋನಿಗೆ ತ್ಯು ಅನ್ನುತ್ತಾನೆ, ಯಾಕೆ ಅಂತ ವಿವರಿಸುವ ಅಗತ್ಯವೇ ಬೀಳಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನೊಂದು ಹಾಡೂ ಕೇಳಿಸಿದೆ, ಅದು ಅರ್ಧ ಸೋತಿತು. ಬೆಲ್ಜಿಯಂನ ಸ್ಟ್ರೊಮಾಯ್ 2013ರ ಆಲ್ಬಮ್ಮಿನಲ್ಲಿ ‘ಕಾರ್ಮೆನ್’ ಅಂತ ಹಾಡಿದ್ದಾನೆ. ಅವನ ಹೆಸರೇ ಒಂದು ಪಾಠ. ‘ಮಾಯೆಸ್ತ್ರೊ’ ಪದವನ್ನು ಹಿಂದೆ ಮುಂದೆ ಮಾಡಿದರೆ ಸ್ಟ್ರೊಮಾಯ್, ಅಲ್ಲಿನ ಹುಡುಗರು ಹೀಗೆ ಪದ ತಿರುಗಿಸಿ ಆಡುವ ಭಾಷೆಗೆ ವೆರ್ಲಾಂ ಅನ್ನುತ್ತಾರೆ. ನಾವು ಚಿಕ್ಕವರಿದ್ದಾಗ ಎಲ್ಲ ಅಕ್ಷರಕ್ಕೂ ‘ಕ’ ಸೇರಿಸಿ ದೊಡ್ಡವರಿಗೆ ಅರ್ಥವಾಗದ ಹಾಗೆ ಮಾತಾಡುತ್ತಿದ್ದೆವಲ್ಲ, ಆ ಜಾತಿಯದ್ದು. ಹಾಡಿನ ರಾಗ ಬಿಜೆ ಅನ್ನುವ ಸಂಗೀತಗಾರನ 1875ರ ಆಪೆರಾದಿಂದ, ಅಂದರೆ ಹಾಡಿನ ನಾಟಕದಿಂದ ಬಂದದ್ದು. ಅಲ್ಲಿ ಪ್ರೀತಿ ಅಂದರೆ ಯಾರ ಮಾತೂ ಕೇಳದ ಹಕ್ಕಿ. ಸ್ಟ್ರೊಮಾಯ್ ಹಾಡಿನಲ್ಲಿ ಆ ಹಕ್ಕಿ ಟ್ವಿಟರ್‌ನ ನೀಲಿ ಹಕ್ಕಿ ಆಗಿಬಿಟ್ಟಿದೆ. 2015ರಲ್ಲಿ ಸಿಲ್ವಾಂ ಶೋಮೇ ಅದಕ್ಕೆ ಮಾಡಿದ ಕಾರ್ಟೂನ್ ವಿಡಿಯೋದಲ್ಲಿ ಹಕ್ಕಿ ದಿನೇ ದಿನೇ ಊದುತ್ತಾ ಹೋಗಿ, ಒಡೆಯನನ್ನೇ ಆಳುತ್ತದೆ. ನನಗೆ ಈಗಲೂ ಮೈ ಜುಮ್ಮೆನ್ನುವ ವಿಡಿಯೋ. ಆದರೆ ಕ್ಲಾಸಿನಲ್ಲಿ 17ರ ಹುಡುಗ ಕೇಳಿದ: ‘ಯಾವ ಹಕ್ಕಿ ಮೇಡಂ?’ 2023ರಲ್ಲಿ ಹಕ್ಕಿ ಹಾರಿಹೋಗಿ ಎಕ್ಸ್ ಬಂದು ಕೂತಿದೆಯಲ್ಲ, ಅವನಿಗೆ ಟ್ವಿಟರ್ ಅಂದರೆ ಅಪ್ಪಂದಿರು ರಾಜಕೀಯ ಜಗಳ ಆಡುವ ಜಾಗ. ಹಕ್ಕಿ ಯಾವುದು ಅಂತ ವಿವರಿಸುವುದರಲ್ಲೇ ಅರ್ಧ ಗಂಟೆ ಹೋಯಿತು. 150 ವರ್ಷದ ಆಪೆರಾ ಹಕ್ಕಿ ಅವರಿಗೆ ಒಂದೇ ಸಲಕ್ಕೆ ಅರ್ಥವಾಯಿತು, ಹತ್ತು ವರ್ಷದ ಹಿಂದಿನ ಹಕ್ಕಿ ಆಗಲಿಲ್ಲ.

ಪದಗಳ ವಿಷಯಕ್ಕೆ ಬಂದರೆ, ಫ್ರೆಂಚಿನವರು ಚಟ ಹತ್ತಿದವರಿಗೆ ‘ಅಕ್ರೊ’ ಅನ್ನುತ್ತಾರೆ. ಕೊಕ್ಕೆಗೆ ನೇತುಹಾಕು ಅನ್ನುವ ಕ್ರಿಯಾಪದದಿಂದ ಬಂದದ್ದು. ಗಂಡಿಗೂ ಹೆಣ್ಣಿಗೂ ಒಂದೇ ರೂಪ, ಎಲ್ಲದಕ್ಕೂ ಲಿಂಗ ಹಚ್ಚುವ ಭಾಷೆಯಲ್ಲಿ ಇದೊಂದು ಪುಣ್ಯ. ಇನ್ನೊಂದು ‘ಸ್ಕಾಚೇ’, ಪರದೆಗೆ ಟೇಪ್ ಹಾಕಿ ಅಂಟಿಸಿದ ಹಾಗೆ ಕೂತವನು. ನಾವೂ ‘ಅದಕ್ಕೇ ಅಂಟ್ಕೊಂಡಿರ್ತಾನೆ’ ಅನ್ನುತ್ತೇವೆ, ಅಲ್ವಾ. ಫೋನಿಗೇ ಊರಿಗೊಂದು ಹೆಸರು. ಫ್ರಾನ್ಸಿನಲ್ಲಿ ಪೋರ್ತಾಬ್ಲ್, ಬೆಲ್ಜಿಯಂನಲ್ಲಿ ಜಿಎಸ್‌ಎಂ, ಕೆನಡಾದ ಕೆಬೆಕ್‌ನಲ್ಲಿ ಸೆಲ್ಯುಲೇರ್, ಸ್ವಿಟ್ಜರ್ಲೆಂಡಿನಲ್ಲಿ ನಾಟೆಲ್. 2018ರಲ್ಲಿ ಫ್ರೆಂಚ್ ಸರ್ಕಾರ ಸ್ಮಾರ್ಟ್‌ಫೋನ್ ಅನ್ನುವ ಇಂಗ್ಲಿಷ್ ಪದ ಬೇಡ, ‘ಮೊಬೀಲ್ ಮ್ಯುಲ್ತಿಫೊಂಕ್ಸ್ಯೋಂ’ ಅನ್ನಿ ಅಂತ ಗೆಜೆಟ್ಟಿನಲ್ಲಿ ಹಾಕಿತು. ಜನ ಸ್ಮಾರ್ಟ್‌ಫೋನ್ ಅಂತಲೇ ಅನ್ನುತ್ತಿದ್ದಾರೆ. ಇದನ್ನು ಹೇಳಿದಾಗ ಇಡೀ ಕ್ಲಾಸು ಒಕ್ಕೊರಲಿನಿಂದ ‘ಜಂಗಮವಾಣಿ!’ ಅಂದಿತು. ಅದೇ ಫ್ರೆಂಚಿನವರು 1955ರಲ್ಲಿ ಕಂಪ್ಯೂಟರಿಗೆ ಹುಟ್ಟಿಸಿದ ‘ಒರ್ದಿನಾತೋರ್’ ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿದೆ, ಅಲ್ಲಿನ ಮಗುವೂ ಅದನ್ನೇ ಹೇಳುತ್ತದೆ. ನಮ್ಮ ಗಣಕಯಂತ್ರಕ್ಕೆ ಆ ಅದೃಷ್ಟ ಬರಲಿಲ್ಲ.

ಹಾಡು ಮುಗಿದ ಮೇಲೆ ಸುದ್ದಿ ಓದಿಸಿದೆ. ಫ್ರಾನ್ಸಿನಲ್ಲಿ 2018ರ ಆಗಸ್ಟ್ 3ರ ಕಾನೂನು ಸುಮಾರು 15 ವರ್ಷದವರೆಗಿನ ಮಕ್ಕಳಿಗೆ ಶಾಲೆಯೊಳಗೆ ಫೋನ್ ಬಳಸುವುದನ್ನು ನಿಷೇಧಿಸಿತು. ಪ್ಯಾರಿಸಿಗೆ ದೂರವಿಲ್ಲದ ಸೇನ್-ಪೋರ್ ಅನ್ನುವ ಸಣ್ಣ ಊರು 2024ರ ಫೆಬ್ರವರಿಯಲ್ಲಿ ಮತದಾನವನ್ನೇ ಮಾಡಿತು. ಬೀದಿಯಲ್ಲಿ ನಡೆಯುವಾಗ, ಅಂಗಡಿಯಲ್ಲಿ, ಶಾಲೆಯ ಗೇಟಿನ ಮುಂದೆ ಫೋನ್ ನೋಡುತ್ತಾ ನಿಲ್ಲಬಾರದು ಅಂತ. ಬೇಕು ಅಂದವರು ಸ್ವಲ್ಪವೇ ಜಾಸ್ತಿ. ದಂಡ ಇಲ್ಲ, ಒಪ್ಪಂದ ಅಷ್ಟೇ. ಗಾಂಧಿಬಜಾರಿನಲ್ಲಿ ಹೀಗೆ ಮಾಡಿದರೆ ಸೊಪ್ಪಿನವಳಿಗೆ ದುಡ್ಡು ಕೊಡೋದು ಹೇಗೆ ಮೇಡಂ, ಕ್ಯೂಆರ್ ಸ್ಕ್ಯಾನ್ ಮಾಡಲೇಬೇಕಲ್ಲ ಅಂದ ಒಬ್ಬ. ಅವನು ಅದನ್ನು ಫ್ರೆಂಚಿನಲ್ಲಿ ಹೇಳಲು ಮೂರು ನಿಮಿಷ ತೆಗೆದುಕೊಂಡ. ಆದರೆ ಹೇಳಿದ. ವರವೋ ಶಾಪವೋ ಪ್ರಬಂಧದಲ್ಲಿ ಸೊಪ್ಪಿನವಳು ಒಂದು ಸಲವೂ ಬಂದಿರಲಿಲ್ಲ.

ನನಗೆ ತಲೆಗೆ ಹೊಳೆದದ್ದು ಅಲ್ಲೇ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಫೋನ್ ಬಗ್ಗೆ ಕೇಳಿದರೆ ಎಲ್ಲರ ಬಳಿಯೂ ರೆಡಿಮೇಡ್ ಮಾತುಗಳಿವೆ. ನಾವೇ ತುಂಬಿಸಿರುವುದು, ಅಪ್ಪ ಅಮ್ಮ, ಮೇಷ್ಟ್ರು, ಟಿವಿ ಎಲ್ಲ ಸೇರಿ. ಮಿತವಾಗಿ ಬಳಸಬೇಕು, ಸಮಯ ಹಾಳು, ಕಣ್ಣಿಗೆ ಕೆಟ್ಟದ್ದು. ಆ ಮಾತುಗಳ ಹಿಂದೆ ಎಷ್ಟು ಬೇಕಾದರೂ ಅಡಗಿಕೊಳ್ಳಬಹುದು. ಫ್ರೆಂಚಿನಲ್ಲಿ ಅವರಿಗೆ ಇರುವುದು ಕೆಲವು ನೂರು ಪದ. ‘ಮಿತವಾಗಿ’ ಅನ್ನುವ ಪದ ಇನ್ನೂ ಬರುವುದಿಲ್ಲ. ಮಲಗುತ್ತೇನೆ, ಏಳುತ್ತೇನೆ, ನೋಡುತ್ತೇನೆ, ತೆರೆಯುತ್ತೇನೆ, ಮುಚ್ಚುತ್ತೇನೆ, ಇಷ್ಟೇ ಬರುವುದು. ಅಷ್ಟರಲ್ಲೇ ಹೇಳಬೇಕು ಅಂದರೆ ಆದದ್ದನ್ನು ಆದ ಹಾಗೆ ಹೇಳುವುದು ಬಿಟ್ಟು ಬೇರೆ ದಾರಿಯೇ ಇಲ್ಲ.

ಮುಂದಿನ ವಾರ ಪ್ರಬಂಧ ಕೇಳಲಿಲ್ಲ. ಹಾಡಿನವನು ಫೋನಿಗೆ ಪ್ರೇಮಗೀತೆ ಹಾಡಿದ, ನೀವು ನಿಮ್ಮ ಫೋನಿಗೆ ಒಂದು ಕಾಗದ ಬರೆಯಿರಿ, ಬ್ರೇಕಪ್ ಕಾಗದ ಅಂದೆ. ಫ್ರೆಂಚಿನಲ್ಲಿ ಇದು ಕ್ಲಾಸಿನಲ್ಲಿ ಆಗಾಗ ಬರೆಸುವಂಥದ್ದೇ, ನಾನೇನೂ ಕಂಡುಹಿಡಿದದ್ದಲ್ಲ. ‘ಇನ್ನು ಮುಂದೆ ಇಲ್ಲ’, ‘ಯಾವತ್ತೂ ಇಲ್ಲ’ ಅನ್ನುವ ನಿಷೇಧ ರೂಪಗಳು ಬೇಕಾಗುತ್ತವೆ, ಅದೇ ನನಗೆ ಬೇಕಿದ್ದದ್ದು. ಆರು ಸಾಲು ಸಾಕು.

ಪಿಯು ಹುಡುಗನೊಬ್ಬ ಬರೆದ: ಆರು ವರ್ಷದಿಂದ ನಿನ್ನ ಜೊತೆ ಮಲಗುತ್ತೇನೆ. ಅಮ್ಮನಿಗೆ ಗೊತ್ತಿಲ್ಲ. ದಪ್ವಿ ಸರಿಯಾಗಿ ಹಾಕಿದ್ದ. ಓದಿದಾಗ ಎಲ್ಲರೂ ಹೋ ಅಂದರು. ಅವನು ನಗಲಿಲ್ಲ. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಎರಡು ಗಂಟೆಯವರೆಗೆ ನೋಡ್ತೀನಿ ಮೇಡಂ ಅಂತ ಆಮೇಲೆ ಮೆಟ್ಟಿಲ ಹತ್ತಿರ ಹೇಳಿದ, ಕನ್ನಡದಲ್ಲಿ.

ಆವತ್ತು ‘ನಿಮ್ಮ ಬಂಗಾರ’ ಅಂದಿದ್ದ ಹುಡುಗಿಯ ಕಾಗದದಲ್ಲಿ ಇದ್ದದ್ದು ಎರಡೇ ಕ್ರಿಯಾಪದ. ನಿನ್ನನ್ನು ತೆರೆಯುತ್ತೇನೆ. ಏನೂ ಇಲ್ಲ. ಮುಚ್ಚುತ್ತೇನೆ. ತೆರೆಯುತ್ತೇನೆ. ಏನೂ ಇಲ್ಲ. ಮುಚ್ಚುತ್ತೇನೆ. ಹೀಗೇ ಪುಟದ ಕೊನೆಯವರೆಗೆ. ಮೊದಲು ಮೈಗಳ್ಳತನ ಅಂದುಕೊಂಡೆ. ಎರಡನೇ ಸಲ ಓದಿದೆ. ನಾನು 11 ವರ್ಷದಲ್ಲಿ ತಿದ್ದಿದ ಎಲ್ಲ ಪ್ರಬಂಧಗಳಲ್ಲಿ ಫೋನಿನ ಚಟ ಅಂದರೆ ಏನು ಅಂತ ಇಷ್ಟು ಸರಿಯಾಗಿ ಹೇಳಿದ್ದು ಇನ್ನೊಂದಿಲ್ಲ. ತಪ್ಪು ಒಂದೂ ಇರಲಿಲ್ಲ, ಎರಡೇ ಕ್ರಿಯಾಪದದಲ್ಲಿ ಎಷ್ಟು ತಪ್ಪು ಮಾಡಕ್ಕಾಗುತ್ತೆ.

ಲಿಯೋಂ ಅಜ್ಜಿ ಬ್ರೇಕಪ್ ಮಾಡಲು ಒಪ್ಪಲೇ ಇಲ್ಲ. ನಿನ್ನೊಳಗೆ ನನ್ನ ಮೊಮ್ಮಗಳಿದ್ದಾಳೆ, ನಿನ್ನನ್ನು ಬಿಡಲ್ಲ, ಆದರೆ ನಿನಗೆ ಬ್ಯಾಟರಿ ಕಮ್ಮಿ ಅಂತ ಬರೆದರು. ಕೆಲಸದ ಬಗ್ಗೆ ದೂರು ಕೊಟ್ಟ ಹಾಗಿತ್ತು.

ನಾನೂ ಬರೆದೆ, ಟೀಚರ್ ಬರೆಯದಿದ್ದರೆ ಮೋಸ. ಮೊದಲು ಸ್ಕ್ರೀನ್ ಟೈಮ್ ತೆಗೆದು ನೋಡಿದೆ. ದಿನಕ್ಕೆ 5 ಗಂಟೆ 12 ನಿಮಿಷ. ಪಾಠಕ್ಕೆ ಹಾಡು ಹುಡುಕೋದೂ ಅದರಲ್ಲೇ ಸೇರಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಡು ಹುಡುಕಲು ಹೋಗಿ ಅಡುಗೆ ವಿಡಿಯೋ, ಅಲ್ಲಿಂದ ಯಾರದ್ದೋ ಗೃಹಪ್ರವೇಶ, ಅಲ್ಲಿಂದ ಕಿತ್ತೋಗಿರೋ ಸೀರಿಯಲ್ಲಿನ ತುಣುಕು. ಫೋನಿನ ಚಟದ ಬಗ್ಗೆ ಪಾಠ ತಯಾರು ಮಾಡುತ್ತಾ ಒಂದು ರಾತ್ರಿ ಒಂದೂವರೆ ಆಗಿತ್ತು.

ಈ ನಡುವೆ ಒಬ್ಬ ಹುಡುಗನ ತಂದೆ ಫೋನ್ ಮಾಡಿದರು. ‘ಮೊಬೈಲ್ ಬಗ್ಗೆ ಪಾಠ ಮಾಡ್ತಿದ್ದೀರಂತೆ, ಚೆನ್ನಾಗಿ ಬುದ್ಧಿ ಹೇಳಿ ಮೇಡಂ, ನಮ್ಮ ಮಾತು ಕೇಳಲ್ಲ.’ ನಾನು ಕಲಿಸೋದು ಫ್ರೆಂಚ್ ಸರ್ ಅಂದೆ. ನಿಜವಾಗಲೂ ಓದು, ನಿದ್ದೆ, ಊಟ ಎಲ್ಲ ಕೆಟ್ಟಿದೆ ಅನ್ನಿಸಿದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, ಅಲ್ಲಿ ತಿಳಿದವರು ಇದ್ದಾರೆ, ಒಮ್ಮೆ ಮಾತಾಡಿ ಅಂತಲೂ ಹೇಳಿದೆ. ‘ಅಷ್ಟೆಲ್ಲ ಏನಿಲ್ಲ ಬಿಡಿ’ ಅಂದರು. ಚಟ ಅನ್ನುವ ಪದವನ್ನು ನಾವೆಲ್ಲ ಸುಲಭವಾಗಿ ಬಳಸುತ್ತೇವೆ, ನಾನೂ ಬಳಸುತ್ತಿದ್ದೇನೆ. ಹಾಡು ಕೇಳಿಸಿ ಯಾರ ಚಟವನ್ನೂ ಬಿಡಿಸಲು ನನಗೆ ಬರುವುದಿಲ್ಲ. ಅವರ ಮಗನೇ ದಿಂಬಿನ ಹುಡುಗ ಅಂತ ನಾನು ಹೇಳಲಿಲ್ಲ. ಹೇಳಬೇಕಿತ್ತಾ? ಇನ್ನೂ ಯೋಚನೆ ಇದೆ. ಅದು ಅವನು ನನಗೆ ಫ್ರೆಂಚಿನಲ್ಲಿ ಬರೆದುಕೊಟ್ಟ ಮಾತು, ಅಪ್ಪನಿಗೆ ಕನ್ನಡದಲ್ಲಿ ತಲುಪಿಸುವುದು ಸರಿ ಕಾಣಲಿಲ್ಲ.

ಕೊನೆಯ ಕಾಗದ ಕೆನಡಾಕ್ಕೆ ಹೋಗುವವರದ್ದು. 34 ವರ್ಷ, ಸಾಗರದ ಕಡೆಯವರು, ಕ್ಲಾಸಿನಲ್ಲಿ ಎಲ್ಲರಿಗಿಂತ ಅಚ್ಚುಕಟ್ಟಾದ ನೋಟ್ಸ್ ಇವರದ್ದೇ. ಹಾಳೆ ಕೈಗೆ ಬಂದಾಗ ಮೊದಲ ಸಾಲಿನಲ್ಲೇ ನನ್ನ ಕೆಂಪು ಪೆನ್ನು ಕೆಳಗಿಳಿಯಿತು. ‘ಮೊಸ್ಯೋ’ ಅಂತ ಶುರು. ಮಾನ್ಯರೇ. ಕೆಳಗೆ ಪೂರ್ತಿ ‘ವು’. ಉಳಿದ 13 ಜನವೂ ತ್ಯು ಬರೆದಿದ್ದರು, ಹಾಡಿನಲ್ಲಿಯೂ ತ್ಯು, ಬೋರ್ಡಿನ ಮೇಲೂ ತ್ಯು.

ಇದು ಅವರ ಫೋನಿಗೆ ಬರೆದದ್ದಲ್ಲ. ಊರಿನಲ್ಲಿರುವ ಅವರ ಅಮ್ಮನ ಫೋನಿಗೆ. ಹೋದ ವರ್ಷ ಇವರೇ ಕೊಡಿಸಿದ್ದು. ದಿನಾ ರಾತ್ರಿ ಎಂಟೂವರೆಗೆ ಇವರು ಕಾಲ್ ಮಾಡುತ್ತಾರೆ. ಮೊದಲೆಲ್ಲ ಅಮ್ಮ ಅರ್ಧ ಗಂಟೆ ಮಾತಾಡುತ್ತಿದ್ದರಂತೆ, ಅಡಿಕೆ ಕೊಯ್ಲು, ಹಸು, ಪಕ್ಕದ ಮನೆಯವರ ಜಗಳ. ಈಗ ‘ಆಮೇಲೆ ಮಾಡೋ, ಒಂದು ನೋಡ್ತಾ ಇದ್ದೀನಿ’ ಅನ್ನುತ್ತಾರೆ. ಕಾಗದದ ಕೊನೆಯ ಸಾಲು: ‘ರಾಂದೇ-ಮ್ವಾ ಮ ಮೇರ್, ಸಿಲ್ ವು ಪ್ಲೇ.’ ದಯವಿಟ್ಟು ನನ್ನ ಅಮ್ಮನನ್ನು ನನಗೆ ವಾಪಸ್ ಕೊಡಿ.

‘ಇಲ್ಲಿ ತ್ಯು ಬರಬೇಕಲ್ವಾ?’ ಅಂದೆ.

‘ಪರಿಚಯ ಇಲ್ಲದವರಿಗೆ ವು ಅಂತ ನೀವೇ ಹೇಳಿಕೊಟ್ಟಿದ್ದು ಮೇಡಂ. ನನ್ನ ಫೋನಾದರೆ ಸರಿ. ಅಮ್ಮನ ಫೋನಿನ ಜೊತೆ ನನಗೇನು ಸಲಿಗೆ?’

ಪೆನ್ನಿನ ಕ್ಯಾಪ್ ಹಾಕಿ ಹಾಳೆ ವಾಪಸ್ ಕೊಟ್ಟೆ.